ಮನೆ ಗ್ಯಾರೇಜಿನಲ್ಲಿ ಹಳೇ ಮಸಲ್ ಕಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಅಂಕಿಗಳೆಲ್ಲ 1967ರಿಂದ 1972ರ ನಡುವಿನ ಶೆವರ್ಲೆ ಕಮಾರೊ, ನೋವಾ, ಶೆವೆಲ್ ಕಾರುಗಳಿಗೆ ಸಂಬಂಧಿಸಿದವು. ಇಂಜಿನ್ 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ ಸ್ಮಾಲ್ ಬ್ಲಾಕ್ ವಿ8. ಫೋರ್ಡ್, ಡಾಜ್, ಪಾಂಟಿಯಾಕ್ ಇಟ್ಟುಕೊಂಡವರಿಗೂ ಕೆಲಸದ ಕ್ರಮ ಇದೇ, ಅಂಕಿಗಳು ಮಾತ್ರ ಬೇರೆ; ಅವನ್ನು ಆಯಾ ಕಾರಿನ ಶಾಪ್ ಮ್ಯಾನ್ಯುಯಲ್‌ನಲ್ಲೇ ನೋಡಿಕೊಳ್ಳಿ. ಕೇಳುವವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿ ನೆಲೆಸಿ, ಮನೆಯ ಜೊತೆ ಗ್ಯಾರೇಜೂ ಸಿಕ್ಕ ಮೇಲೆ ಈ ಹುಚ್ಚು ಹತ್ತಿಸಿಕೊಂಡ ಕನ್ನಡಿಗರು. ಹಾಗಾಗಿ ಅಳತೆಗಳನ್ನು ಇಂಚು, ಫುಟ್-ಪೌಂಡುಗಳಲ್ಲೇ ಕೊಟ್ಟಿದೆ. ಒಂದು ಫುಟ್-ಪೌಂಡ್ ಎಂದರೆ ಸುಮಾರು 1.36 ನ್ಯೂಟನ್ ಮೀಟರ್.

## ಕೊಳ್ಳುವ ಮುನ್ನ, ಕೈ ಹಾಕುವ ಮುನ್ನ

ಮಸಲ್ ಕಾರ್ ಅಂದ್ರೆ ಸರಿಯಾಗಿ ಯಾವುದು? ಹಳೇ ನಾಲ್ಕು ಬಾಗಿಲಿನ ಶೆವರ್ಲೆನೂ ಮಸಲ್ ಕಾರೇನಾ?

ಮಧ್ಯಮ ಗಾತ್ರದ ಎರಡು ಬಾಗಿಲಿನ ಬಾಡಿ, ಅದರೊಳಗೆ ದೊಡ್ಡ ಕಾರಿನ ವಿ8 ಇಂಜಿನ್, ಬೆಲೆ ಮಾತ್ರ ಸಾಮಾನ್ಯರ ಕೈಗೆಟಕುವಂಥದ್ದು: ಇದು ಮೂಲ ಲೆಕ್ಕಾಚಾರ. 1964ರಲ್ಲಿ 389 ಇಂಜಿನ್‌ನೊಂದಿಗೆ ಬಂದ ಪಾಂಟಿಯಾಕ್ ಜಿಟಿಒದಿಂದ ಈ ಅಲೆ ಶುರುವಾಯಿತು ಎನ್ನುವುದು ರೂಢಿ. ಕಮಾರೊ, ಮಸ್ಟಾಂಗ್‌ಗಳನ್ನು ಕಟ್ಟುನಿಟ್ಟಿನವರು ಪೋನಿ ಕಾರ್ ಎನ್ನುತ್ತಾರೆ. ನಾಲ್ಕು ಬಾಗಿಲಿನದನ್ನು ಯಾರೂ ಮಸಲ್ ಕಾರ್ ಎನ್ನುವುದಿಲ್ಲ. ಆದರೆ ಇಂಜಿನ್, ಬ್ರೇಕು, ಗೇರ್‌ಬಾಕ್ಸುಗಳಲ್ಲಿ ಬಹುಪಾಲು ಅವೇ ಬಿಡಿಭಾಗಗಳು, ಬೆಲೆಯೂ ಕಡಿಮೆ. ಕೆಲಸ ಕಲಿಯುವುದೇ ಉದ್ದೇಶವಾದರೆ ಧೈರ್ಯವಾಗಿ ಅದನ್ನೇ ಕೊಳ್ಳಿ.

ಹಳೇ ಜಾಹೀರಾತಿನ ಹಾರ್ಸ್‌ಪವರ್ ನೋಡಿ ಮರುಳಾಗಬೇಡಿ. 1971ರವರೆಗೆ ಹೇಳುತ್ತಿದ್ದದ್ದು ಗ್ರಾಸ್ ಅಂಕಿ, ಅಂದರೆ ಫ್ಯಾನು, ಆಲ್ಟರ್ನೇಟರು, ಸೈಲೆನ್ಸರು ಯಾವುದರ ಹೊರೆಯೂ ಇಲ್ಲದೆ ಅಳೆದದ್ದು. 1972ರಿಂದ ನೆಟ್ ಅಂಕಿ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.

ಕೊಳ್ಳೋಕೆ ಹೋದಾಗ ಇಂಜಿನ್ ಶಬ್ದ ಚೆನ್ನಾಗಿದ್ರೆ ಸಾಕಲ್ವಾ?

ಇಂಜಿನ್ ಕೊನೆಗೆ ನೋಡಿದರೂ ನಡೆಯುತ್ತದೆ. ಸ್ಮಾಲ್ ಬ್ಲಾಕ್ ಶೆವಿಯ ಬಿಡಿಭಾಗ ಸಿಗದ ಊರು ಅಮೆರಿಕದಲ್ಲಿಲ್ಲ. ತುಕ್ಕು ಹಿಡಿದ ಬಾಡಿಯ ಕಥೆ ಬೇರೆ, ಮನೆಯ ಗ್ಯಾರೇಜಿನಲ್ಲಿ ಅದು ಬೇಗ ಬಗೆಹರಿಯುವ ಕೆಲಸವಲ್ಲ. ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳ ಅಂಚು, ಹಿಂದಿನ ಗಾಜಿನ ಸುತ್ತ ಇಟ್ಟು ನೋಡಿ. ಹಿಡಿಯದಿದ್ದರೆ ಬಣ್ಣದ ಕೆಳಗಿರುವುದು ಫಿಲ್ಲರ್, ತಗಡಲ್ಲ. ಡಿಕ್ಕಿಯ ಚಾಪೆ ಎತ್ತಿ ನೆಲ ನೋಡಿ. ವೈಪರ್ ಕೆಳಗಿನ ಜಾಲರಿಗೆ ಒಂದು ಚೊಂಬು ನೀರು ಹಾಕಿ. ಒಳಗೆ ಕಾಲಿಡುವ ಜಾಗ ಒದ್ದೆಯಾದರೆ ಕೌಲ್, ಅಂದರೆ ಆ ಜಾಲರಿಯ ಕೆಳಗಿನ ತಗಡಿನ ತೊಟ್ಟಿ, ತೂತಾಗಿದೆ ಎಂದರ್ಥ, ಅದನ್ನು ಸರಿಮಾಡುವುದು ದೊಡ್ಡ ವೆಲ್ಡಿಂಗ್ ಕೆಲಸ. ವಿನೈಲ್ ಹೊದಿಕೆಯ ಚಾವಣಿಯಿದ್ದರೆ ಅದರಡಿಯಲ್ಲಿ ಏನಿದೆ ಎಂಬ ಅನುಮಾನ ಇರಲೇಬೇಕು.

ಕಾರಿನ ಗುರುತಿನ ಸಂಖ್ಯೆ 1968ರಿಂದೀಚೆಗೆ ಮುಂದಿನ ಗಾಜಿನ ಮೂಲಕ ಡ್ಯಾಶ್‌ಬೋರ್ಡ್ ಮೇಲೆ ಕಾಣುತ್ತದೆ. ಇಂಜಿನ್ನಿನ ಮುದ್ರೆ ಬಲಬದಿಯ ಸಿಲಿಂಡರ್ ಹೆಡ್‌ನ ಮುಂದೆ, ಬ್ಲಾಕಿನ ಸಮತಟ್ಟಾದ ತುಂಡಿನ ಮೇಲಿರುತ್ತದೆ. ‘ಮ್ಯಾಚಿಂಗ್ ನಂಬರ್’, ಅಂದರೆ ಕಾರಿನ ಜೊತೆ ಬಂದ ಮೂಲ ಇಂಜಿನ್ನೇ ಇದೆ, ಎಂದು ಹೆಚ್ಚು ಬೆಲೆ ಕೇಳಿದರೆ ಎರಡನ್ನೂ ಉಜ್ಜಿ ಓದಿ ನೋಡದೆ ದುಡ್ಡು ಬಿಚ್ಚಬೇಡಿ.

ಊರಿಂದ ತಂದ ಸ್ಪ್ಯಾನರ್ ಸೆಟ್ ಇದೆ. ಅದೇ ನಡೆಯುತ್ತಾ?

ನಡೆಯುವುದಿಲ್ಲ. ಇಲ್ಲಿ ಎಲ್ಲ ಇಂಚಿನ ಲೆಕ್ಕ. ಮುಕ್ಕಾಲು ಇಂಚಿನ ನಟ್‌ಗೆ 19 ಮಿ.ಮೀ. ಹೇಗೋ ಕೂರುತ್ತದೆ. ಅರ್ಧ ಇಂಚು ಎಂದರೆ 12.7 ಮಿ.ಮೀ.; ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಗಟ್ಟಿ ಹಿಡಿದ ಬೋಲ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. 7/16, 1/2, 9/16, 5/8, 3/4 ಇವಿಷ್ಟಿದ್ದರೆ ಕಾರಿನ ಬಹುಪಾಲು ಬಿಚ್ಚಬಹುದು. ಬ್ರೇಕ್ ಪೈಪಿನ ನಟ್‌ಗೆ ಫ್ಲೇರ್ ನಟ್ ಸ್ಪ್ಯಾನರೇ ಬೇಕು, ಸಾದಾ ಸ್ಪ್ಯಾನರಿಗೆ ಆ ಮೆತ್ತನೆಯ ನಟ್ ಉಳಿಯುವುದಿಲ್ಲ.

ಇದಲ್ಲದೆ ಟಾರ್ಕ್ ರೆಂಚ್, ಟೈಮಿಂಗ್ ಲೈಟ್, ಡ್ವೆಲ್ ಮೀಟರ್, ವ್ಯಾಕ್ಯೂಮ್ ಗೇಜ್, ಕಂಪ್ರೆಷನ್ ಗೇಜ್, ಫೀಲರ್ ಗೇಜ್, ಮಲ್ಟಿಮೀಟರ್ ಕೊಳ್ಳಿ. ಕ್ರೋಮ್ ಏರ್ ಕ್ಲೀನರಿಗಿಂತ ಮೊದಲು ಇವು. ಪೆಟ್ರೋಲ್ ಬೆಂಕಿ ಆರಿಸುವ ಅಗ್ನಿಶಾಮಕ ಬಾಗಿಲ ಹತ್ತಿರ ತೂಗುಹಾಕಿರಲಿ, ಕಾರಿನ ಆಚೆ ಬದಿಯಲ್ಲಲ್ಲ.

ಕಾರನ್ನ ಎತ್ತಿ ಕೆಳಗೆ ಹೋಗೋಕೆ ಭಯ. ಹೇಗೆ ಎತ್ತಬೇಕು?

ಭಯ ಇರಲಿ, ಒಳ್ಳೆಯದೇ. ಕಾಂಕ್ರೀಟ್ ನೆಲದ ಮೇಲೆ 3 ಟನ್ನಿನ ಫ್ಲೋರ್ ಜ್ಯಾಕಿನಿಂದ ಎತ್ತಿ, ಹಿಂಬದಿಯಲ್ಲಾದರೆ ಆಕ್ಸಲ್ ಟ್ಯೂಬಿನ ಕೆಳಗೆ, ಮುಂಬದಿಯಲ್ಲಾದರೆ ಫ್ರೇಮಿನ ಕೆಳಗೆ ಸ್ಟ್ಯಾಂಡ್ ಕೊಟ್ಟು, ಜ್ಯಾಕನ್ನು ಇಳಿಸಿ ಭಾರವನ್ನೆಲ್ಲ ಸ್ಟ್ಯಾಂಡಿನ ಮೇಲೆ ಬಿಡಿ. ನೆಲದಲ್ಲಿ ಉಳಿದ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಕೆಳಗೆ ಹೋಗುವ ಮುಂಚೆ ಬಂಪರ್ ಹಿಡಿದು ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಟೊಳ್ಳು ಸಿಮೆಂಟ್ ಇಟ್ಟಿಗೆ ಸುಳಿವೇ ಕೊಡದೆ ಒಡೆಯುತ್ತದೆ, ಅದನ್ನು ಎಂದಿಗೂ ಬಳಸಬೇಡಿ.

## ನಿಂತುಹೋದ ಕಾರನ್ನು ಎಬ್ಬಿಸುವುದು

ಹದಿನೈದು ವರ್ಷ ಶೆಡ್ಡಲ್ಲಿ ನಿಂತಿದ್ದ ಕಾರು. ಬ್ಯಾಟರಿ ಹಾಕಿ ಕೀ ತಿರುಗಿಸಿ ನೋಡ್ಲಾ?

ಬೇಡ. ಸಿಲಿಂಡರಿನೊಳಗೆ ರಿಂಗುಗಳು ತುಕ್ಕಿಗೆ ಅಂಟಿಕೊಂಡಿರಬಹುದು, ಬೇರಿಂಗುಗಳಲ್ಲಿ ಎಣ್ಣೆಯ ಪಸೆಯೂ ಉಳಿದಿರುವುದಿಲ್ಲ. ಎಂಟೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಒಂದೆರಡು ದಿನ ಬಿಡಿ. ಆಮೇಲೆ ಕ್ರ್ಯಾಂಕ್ ಬೋಲ್ಟಿಗೆ ಉದ್ದನೆಯ ಹಿಡಿ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಕ್ಕನೆ ನಿಂತರೆ ಒತ್ತಾಯ ಮಾಡಬೇಡಿ, ಇನ್ನಷ್ಟು ಎಣ್ಣೆ ಹಾಕಿ ಕಾಯಿರಿ.

ಸಲೀಸಾಗಿ ತಿರುಗಿತೆಂದರೆ ಎಣ್ಣೆ, ಫಿಲ್ಟರ್ ಬದಲಿಸಿ. ಫಿಲ್ಟರ್ ಸೇರಿ 5 ಕ್ವಾರ್ಟ್, ಸುಮಾರು 4.7 ಲೀಟರ್ ಹಿಡಿಯುತ್ತದೆ. ಈಗ ಡಿಸ್ಟ್ರಿಬ್ಯೂಟರಿನ ರೋಟರ್ ಎತ್ತ ಮುಖ ಮಾಡಿದೆ ಎಂದು ಫೋಟೊ ತೆಗೆದುಕೊಂಡು ಅದನ್ನು ಎತ್ತಿ, ಆ ತೂತಿನಲ್ಲಿ ಪ್ರೈಮಿಂಗ್ ಶಾಫ್ಟ್ ಇಳಿಸಿ, ಡ್ರಿಲ್ಲಿನಿಂದ ಬಲಸುತ್ತಾಗಿ ತಿರುಗಿಸಿ. ಮೊದಲು ಡ್ರಿಲ್ ಹಗುರವಾಗಿ ಓಡುತ್ತದೆ. ಎಣ್ಣೆ ಹಿಡಿದೊಡನೆ ಕೈಗೆ ಭಾರ ಗೊತ್ತಾಗುತ್ತದೆ, ಗೇಜ್ ಮೇಲೇಳುತ್ತದೆ. ವಾಲ್ವ್ ಕವರ್ ತೆಗೆದಿಟ್ಟಿದ್ದರೆ ಪುಶ್‌ರಾಡುಗಳ ತುದಿಯಿಂದ ಎಣ್ಣೆ ಒಂದೊಂದಾಗಿ ಜಿನುಗಿ ರಾಕರ್ ಮೇಲೆ ಹರಿಯುವುದು ಕಾಣಿಸುತ್ತದೆ. ಕೆಲವು ಒಣಗಿಯೇ ಉಳಿದರೆ ಇಂಜಿನ್ನನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಡ್ರಿಲ್ ಹಾಕಿ. ಹದಿನಾರೂ ತೇವವಾದ ಮೇಲೆಯೇ ಸ್ಟಾರ್ಟರ್ ಮಾತು.

ಟ್ಯಾಂಕಿನ ಹಳೇ ಪೆಟ್ರೋಲ್ ವಾರ್ನಿಶ್ ವಾಸನೆ ಹೊಡೆಯುತ್ತಿರುತ್ತದೆ, ಅದು ಕಾರ್ಬ್ಯುರೇಟರಿಗೆ ಹೋಗಬಾರದು. ಪೂರ್ತಿ ಬಸಿದು ಹಾಕಿ. ಸ್ಟಾರ್ಟ್ ಆದ ಮೇಲೆ ಡಿಪ್‌ಸ್ಟಿಕ್ ಮೂಸಿ ನೋಡುವುದನ್ನು ಮರೆಯಬೇಡಿ. ಪೆಟ್ರೋಲ್ ವಾಸನೆ ಬಂದರೆ ಫ್ಯುಯೆಲ್ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲು ಎಣ್ಣೆಗೆ ಸೇರುತ್ತಿದೆ. ತಕ್ಷಣ ಆಫ್ ಮಾಡಿ.

ಸ್ಟಾರ್ಟ್ ಆಯ್ತು! ಬೀದಿ ಕೊನೆವರೆಗೆ ಒಂದು ರೌಂಡ್ ಹೋಗಿ ಬರ್ಲಾ?

ಬ್ರೇಕ್ ಬಿಚ್ಚಿ ನೋಡದೆ ಗ್ಯಾರೇಜಿನ ಹೊಸ್ತಿಲೂ ದಾಟಬೇಡಿ. ಡ್ರಮ್ ತೆಗೆದು ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಸ್ವಲ್ಪ ಸರಿಸಿ. ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಹೊಸದು ಹಾಕಿ. ಮೂರು ರಬ್ಬರ್ ಹೋಸುಗಳನ್ನು ಹೇಗಿದ್ದರೂ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ದಾರಿ ಕಟ್ಟಿರುತ್ತವೆ. ಬ್ರೇಕ್ ಹಿಡಿದದ್ದು ಬಿಡದಿದ್ದರೆ ಎಲ್ಲರೂ ಕ್ಯಾಲಿಪರನ್ನು ದೂರುತ್ತಾರೆ, ಎಷ್ಟೋ ಸಲ ತಪ್ಪು ಹೋಸಿನದು.

ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಧೂಳನ್ನು ಏರ್ ಹಾಕಿ ಊದಬೇಡಿ, ನೀರು ಅಥವಾ ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿ ತೆಗೆಯಿರಿ. ಮಾಸ್ಟರ್ ಸಿಲಿಂಡರ್ ಹೊಸದಾದರೆ ವೈಸಿಗೆ ಕಚ್ಚಿಸಿ ಅಲ್ಲೇ ಗಾಳಿ ತೆಗೆದು ಕೂರಿಸಿ. ಆಮೇಲೆ ದೂರದ ಚಕ್ರದಿಂದ ಹತ್ತಿರಕ್ಕೆ: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಡಾಟ್ 3 ಫ್ಲುಯಿಡ್ ಸಾಕು. ಹೊಸದಿದ್ದಾಗ ಅದು ಕುದಿಯುವುದು 205 ಡಿಗ್ರಿ ಸೆಲ್ಸಿಯಸ್ಸಿಗೆ, ತೇವ ಹೀರಿದ ಮೇಲೆ 140ಕ್ಕೇ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ, ಬಣ್ಣದ ಮೇಲೆ ಬೀಳದಂತೆ ನೋಡಿಕೊಳ್ಳಿ. ನಿಮ್ಮದು 1966 ಅಥವಾ ಅದಕ್ಕೂ ಹಿಂದಿನ ಕಾರಾಗಿ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ ಇದ್ದರೆ ಎರಡು ಕೋಣೆಯದಕ್ಕೆ ಬದಲಾಯಿಸಿ. ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುವ ವ್ಯವಸ್ಥೆ ಅದು.

ಅಂಗಡಿಯಲ್ಲಿರೋ ದುಬಾರಿ ಸಿಂಥೆಟಿಕ್ ಎಣ್ಣೆ ಹಾಕಿದ್ರೆ ಇಂಜಿನ್‌ಗೆ ಒಳ್ಳೇದಲ್ವಾ?

ಬೆಲೆ ನೋಡಬೇಡಿ, ಜಿಂಕ್ ನೋಡಿ. ಈ ಇಂಜಿನ್ನಿನಲ್ಲಿ ಲಿಫ್ಟರಿನ (ಕ್ಯಾಮಿನ ಚಲನೆಯನ್ನು ಪುಶ್‌ರಾಡಿಗೆ ದಾಟಿಸುವ ಭಾಗ) ತಳ ಕ್ಯಾಮ್ ಮೇಲೆ ನೇರವಾಗಿ ಉಜ್ಜುತ್ತದೆ, ನಡುವೆ ರೋಲರ್ ಇಲ್ಲ. ಆ ಜಾಗವನ್ನು ಕಾಯುವುದು ಎಣ್ಣೆಯಲ್ಲಿನ ಜಿಂಕ್-ಫಾಸ್ಫರಸ್ ಸಂಯುಕ್ತ. ಈಗಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ತೆಳು ದರ್ಜೆಯ ಎಣ್ಣೆಗಳಲ್ಲಿ ಫಾಸ್ಫರಸನ್ನು 800 ಪಿಪಿಎಂಗೆ ಸೀಮಿತಗೊಳಿಸಿದ್ದಾರೆ. ನಿಮಗೆ ಬೇಕಾದದ್ದು 1,000ದಿಂದ 1,200ರ ಆಸುಪಾಸು. ಹಳೇ ಕಾರಿಗೆಂದೇ ಮಾರುವ 10ಡಬ್ಲ್ಯೂ-30 ಅಥವಾ 10ಡಬ್ಲ್ಯೂ-40 ತನ್ನಿ.

ಈಗಿನ ಪೆಟ್ರೋಲಲ್ಲಿ ಸೀಸ ಇಲ್ಲ, ಎಥನಾಲ್ ಇದೆ. ಇಂಜಿನ್ ಹಾಳಾಗಲ್ವಾ?

ಸೀಸದ ಚಿಂತೆ ಸ್ವಲ್ಪ ಅತಿಯಾಯಿತು. ದಿನವಿಡೀ ಭಾರ ಎಳೆಯುವ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ ಇಂಜಿನ್ನಿನಲ್ಲಿ ವಾಲ್ವ್ ಸೀಟ್ ಸವೆಯುತ್ತದೆ ನಿಜ. ವಾರಕ್ಕೊಮ್ಮೆ ಹೊರಗೆ ಬರುವ ಕಾರಿನಲ್ಲಿ ಅದು ಬಹಳ ನಿಧಾನ. ಹೆಡ್ ಬಿಚ್ಚುವ ದಿನ ಬಂದಾಗ ಗಟ್ಟಿ ಎಕ್ಸಾಸ್ಟ್ ಸೀಟ್ ಹಾಕಿಸಿದರಾಯಿತು. ಚಿಂತೆ ಮಾಡಬೇಕಾದದ್ದು ಎಥನಾಲ್ ಬಗ್ಗೆ. ಹಳೇ ರಬ್ಬರ್ ಪೈಪನ್ನು ಅದು ಮೆತ್ತಗಾಗಿಸಿ ಬಿರಿಯಿಸುತ್ತದೆ, ಬಿಸಿ ಇಂಜಿನ್ ಮೇಲೆ ಹನಿಯುವ ಪೆಟ್ರೋಲಿಗೆ ಇನ್ನೇನು ಬೇಕು? ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಇರುವ ರಬ್ಬರ್ ತುಂಡುಗಳನ್ನೆಲ್ಲ 30ಆರ್9 ಎಂದು ಮುದ್ರೆಯಿರುವ ಹೋಸಿಗೆ ಬದಲಿಸಿ.

## ಟ್ಯೂನಿಂಗ್

ಐಡಲ್‌ನಲ್ಲಿ ಕುಂಟುತ್ತೆ, ಪಿಕಪ್ ಇಲ್ಲ. ಕಾರ್ಬ್ಯುರೇಟರ್ ಹೊಸದು ತರ್ಲಾ?

ಏನಾದರೂ ಕಾರ್ಬ್ಯುರೇಟರಿನ ಮೇಲೆ ಗೂಬೆ ಕೂರಿಸುವುದು ಎಲ್ಲರ ಅಭ್ಯಾಸ. ಅದನ್ನು ಮುಟ್ಟುವುದು ಕೊನೆಗೆ. ಮೊದಲು ಕಂಪ್ರೆಷನ್: ಪ್ಲಗ್ಗುಗಳೆಲ್ಲ ಹೊರಗೆ, ಥ್ರಾಟಲ್ ಪೂರ್ತಿ ತೆರೆದು, ಕಾಯಿಲ್ ತಂತಿ ಬಿಚ್ಚಿ, ಪ್ರತಿ ಸಿಲಿಂಡರನ್ನು ನಾಲ್ಕೈದು ಸುತ್ತು ತಿರುಗಿಸಿ ಓದಿ. 150 ಪಿಎಸ್‌ಐ ಆಸುಪಾಸು ಆರೋಗ್ಯ; ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಕೆಳಗಿರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ನೋಡಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಅದು ಸರಿಯಿದ್ದರೆ ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲ್ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್ಚು), ಆಮೇಲೆ ಟೈಮಿಂಗ್, ಆಮೇಲೆ ವ್ಯಾಕ್ಯೂಮ್ ಸೋರಿಕೆ. ವ್ಯಾಕ್ಯೂಮ್ ಗೇಜ್‌ನ ಮುಳ್ಳು ಐಡಲ್‌ನಲ್ಲಿ 17ರಿಂದ 21 ಇಂಚು ಪಾದರಸದ ನಡುವೆ ಅಲ್ಲಾಡದೆ ನಿಂತರೆ ಇಂಜಿನ್ ಗಟ್ಟಿಮುಟ್ಟು. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದ್ದರೆ ಕಡಿಮೆ ಬರುವುದು ಸಹಜ. ಒಂದೇ ಲಯದಲ್ಲಿ ಪಟಪಟ ಬೀಳುತ್ತಿದ್ದರೆ ಯಾವುದೋ ಒಂದು ವಾಲ್ವ್ ಕೂರುತ್ತಿಲ್ಲ.

ಇಷ್ಟೆಲ್ಲ ಆದ ಮೇಲೆ ಕಾರ್ಬ್ಯುರೇಟರ್. ಎರಡೂ ಐಡಲ್ ಮಿಕ್ಸ್‌ಚರ್ ಸ್ಕ್ರೂಗಳನ್ನು ಮೆಲ್ಲಗೆ ತಳಮುಟ್ಟಿಸಿ, ಒಂದೂವರೆ ಸುತ್ತು ಹೊರಗೆ ತಂದು, ಗೇಜ್ ಅತಿ ಮೇಲೆ ಹೋಗುವ ಜಾಗದಲ್ಲಿ ನಿಲ್ಲಿಸಿ. ಬಿಗಿಯಾಗಿ ತಿರುಪಿದರೆ ಸೂಜಿಯ ತುದಿಗೆ ಗೆರೆ ಬಿದ್ದು ಮತ್ತೆಂದೂ ಸರಿಹೊಂದುವುದಿಲ್ಲ.

ಪಾಯಿಂಟ್ ಗ್ಯಾಪ್ ಎಷ್ಟಿಡ್ಬೇಕು? ಪ್ರತಿ ಸಲ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚೋದು ತಲೆನೋವು.

ಹೊಸ ಪಾಯಿಂಟಿಗೆ 0.019 ಇಂಚು, ರಬ್ಬಿಂಗ್ ಬ್ಲಾಕ್ ಸವೆದು ಕೂತ ಹಳೆಯದಕ್ಕೆ 0.016. ಇದು ಸ್ಟಾರ್ಟ್ ಮಾಡುವಷ್ಟಕ್ಕೆ ಮಾತ್ರ. ನಿಜವಾದ ಅಳತೆ ಡ್ವೆಲ್, ಅಂದರೆ ಪಾಯಿಂಟ್ ಮುಚ್ಚಿರುವ ಕೋನ: 28ರಿಂದ 32 ಡಿಗ್ರಿ, ಗುರಿ 30. ಕಾರ್ಖಾನೆಯ ಡೆಲ್ಕೊ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಪಕ್ಕದಲ್ಲಿ ಮೇಲಕ್ಕೆ ಸರಿಯುವ ಸಣ್ಣ ತಗಡಿನ ಕಿಟಕಿಯಿದೆ. ಇಂಜಿನ್ ಓಡುತ್ತಿರುವಾಗಲೇ ಅದರೊಳಗೆ 1/8 ಇಂಚಿನ ಆಲನ್ ಕೀ ಹಾಕಿ, ಮೀಟರ್ ನೋಡುತ್ತ ತಿರುಗಿಸಿದರಾಯಿತು. ಮೀಟರ್ ಇಲ್ಲವೇ? ಇಂಜಿನ್ ತಡವರಿಸುವವರೆಗೆ ಬಲಕ್ಕೆ ತಿರುಗಿಸಿ, ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ. ಡ್ವೆಲ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಮೊದಲು ಇದನ್ನು ಮುಗಿಸಿ.

ಟೈಮಿಂಗ್ ಲೈಟ್ ಹಿಡಿದು ಪುಸ್ತಕದಲ್ಲಿದ್ದಷ್ಟೇ ಇಟ್ಟೆ, ಆದ್ರೂ ಎಳೆಯಲ್ಲ. ಯಾಕೆ?

ಎರಡು ಕಾರಣ ಇರಬಹುದು. ಒಂದು, ಗುರುತೇ ಸುಳ್ಳು. ಕ್ರ್ಯಾಂಕ್‌ನ ಮುಂದಿರುವ ಬ್ಯಾಲೆನ್ಸರಿನ ಹೊರಬಳೆಯನ್ನು ಒಳಗುಂಬಕ್ಕೆ ಹಿಡಿದಿರುವುದು ರಬ್ಬರ್. ಐವತ್ತು ವರ್ಷ ಕಳೆದ ಮೇಲೆ ಬಳೆ ಜಾರಿರುತ್ತದೆ, ಅದರ ಮೇಲಿನ ಗೆರೆಯೂ ಜೊತೆಗೆ ಜಾರಿರುತ್ತದೆ. ಪರೀಕ್ಷೆಗೆ ಬ್ಯಾಟರಿ ಬಿಚ್ಚಿ, ಪ್ಲಗ್ಗುಗಳನ್ನು ತೆಗೆದು, ಒಂದನೇ ಸಿಲಿಂಡರಿನ ತೂತಿಗೆ ಪಿಸ್ಟನ್ ಸ್ಟಾಪ್ ತಿರುಪಿ. ಕೈಯಿಂದ ಇಂಜಿನ್ ತಿರುಗಿಸಿ, ಪಿಸ್ಟನ್ ತಾಗಿ ನಿಂತಾಗ ಸೊನ್ನೆಯ ಎದುರು ಬ್ಯಾಲೆನ್ಸರಿಗೆ ಗುರುತು ಹಾಕಿ. ಈಗ ವಿರುದ್ಧ ದಿಕ್ಕಿಗೆ ತಿರುಗಿಸಿ, ಮತ್ತೆ ತಾಗಿದಾಗ ಇನ್ನೊಂದು ಗುರುತು. ಎರಡರ ನಟ್ಟನಡುವೆ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲಿರುವ ಸ್ಥಾನ. ಕಾರ್ಖಾನೆಯ ಗೆರೆ ಅಲ್ಲಿಲ್ಲದಿದ್ದರೆ ಬ್ಯಾಲೆನ್ಸರ್ ಹೊಸದು ಹಾಕಿ. ಹೊಸ ಗೆರೆ ಎಳೆದುಕೊಂಡು ಸುಮ್ಮನಾಗಬೇಡಿ, ಜಾರಿದ ಬಳೆ ಇನ್ನೂ ಜಾರುತ್ತದೆ.

ಎರಡನೆಯ ಕಾರಣ, ಐಡಲ್‌ನ ಟೈಮಿಂಗ್ ಮಾತ್ರ ನೋಡಿರುವುದು. ಎಳೆತ ಬರುವುದು ಒಟ್ಟು ಅಡ್ವಾನ್ಸ್‌ನಿಂದ, ಅಂದರೆ ಪಿಸ್ಟನ್ ಮೇಲೆ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರುತ್ತದೆ ಎನ್ನುವುದರಿಂದ. ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, 3,000 ಆರ್‌ಪಿಎಂವರೆಗೆ ನಿಧಾನವಾಗಿ ಏರಿಸಿ. ಗುರುತು ಮುಂದಕ್ಕೆ ಹೋಗುವುದು ನಿಂತ ಜಾಗದಲ್ಲಿ 34ರಿಂದ 36 ಡಿಗ್ರಿ ಬರುವಂತೆ ಡಿಸ್ಟ್ರಿಬ್ಯೂಟರ್ ಬಿಗಿಮಾಡಿ. ರೋಟರ್ ಬಲಸುತ್ತು ತಿರುಗುವುದರಿಂದ ಬಾಡಿಯನ್ನು ಎಡಸುತ್ತು ತಿರುಗಿಸಿದರೆ ಅಡ್ವಾನ್ಸ್ ಹೆಚ್ಚುತ್ತದೆ. ಐಡಲ್‌ನಲ್ಲಿ 8ರಿಂದ 12ರ ಒಳಗೆ ತಾನಾಗಿ ಬಂದು ಕೂತರೆ ಡಿಸ್ಟ್ರಿಬ್ಯೂಟರಿನ ಸ್ಪ್ರಿಂಗು, ತೂಕದ ಗುಂಡುಗಳು ಸರಿಯಿವೆ. ಏರು ರಸ್ತೆಯಲ್ಲಿ ನಾಕಿಂಗ್ ಕೇಳಿಸಿದರೆ ಎರಡು ಡಿಗ್ರಿ ಇಳಿಸಿ. ವ್ಯಾಕ್ಯೂಮ್ ಪೈಪನ್ನು ಮರಳಿ ಹಾಕಿ. ‘ರೇಸಿಂಗ್ ಕಾರಿನಲ್ಲಿ ಅದಿರುವುದಿಲ್ಲ’ ಎಂದು ಬಿಚ್ಚಿಟ್ಟವರ ಕಾರು ಪೆಟ್ರೋಲ್ ಕುಡಿಯುತ್ತದೆ, ಸಿಗ್ನಲ್ಲಿನಲ್ಲಿ ಬಿಸಿಯೂ ಆಗುತ್ತದೆ.

ಪ್ಲಗ್ ವೈರ್ ಎಲ್ಲ ಹೊಸದು, ಆದ್ರೂ ಜೋರಾಗಿ ಒತ್ತಿದಾಗ ಒಂದು ಸಿಲಿಂಡರ್ ಮಿಸ್ ಆಗುತ್ತೆ.

ಫೈರಿಂಗ್ ಆರ್ಡರ್ 1-8-4-3-6-5-7-2. ಐದು ಮತ್ತು ಏಳು ಒಂದರ ಬೆನ್ನಿಗೊಂದು ಉರಿಯುತ್ತವೆ, ಚಾಲಕನ ಬದಿಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಆ ಎರಡು ವೈರ್ ತಾಗಿಕೊಂಡು ಸಾಗಿದರೆ ಐದರ ಕಿಡಿ ಏಳಕ್ಕೆ ಹಾರುತ್ತದೆ. ನಡುವೆ ಒಂದಿಂಚು ಜಾಗ ಬಿಡಿ, ಅಡ್ಡ ಬರುವುದಿದ್ದರೆ ನೇರ ಕೋನದಲ್ಲಿ ದಾಟಿಸಿ.

350ಗೆ 750 ಸಿಎಫ್‌ಎಂ ಕಾರ್ಬ್ಯುರೇಟರ್ ಹಾಕು ಅಂತಾರೆ. ಹಾಕ್ಲಾ?

ಸಿಎಫ್‌ಎಂ ಎಂದರೆ ನಿಮಿಷಕ್ಕೆ ಹರಿಯುವ ಘನ ಅಡಿ ಗಾಳಿ. ಲೆಕ್ಕ ನೀವೇ ಮಾಡಿ: ಕ್ಯೂಬಿಕ್ ಇಂಚು ಗುಣಿಸು ಅತಿ ಹೆಚ್ಚಿನ ಆರ್‌ಪಿಎಂ, ಭಾಗಿಸು 3,456. 350ನ್ನು 6,000ದಿಂದ ಗುಣಿಸಿ ಭಾಗಿಸಿದರೆ 607. ರಸ್ತೆಯ ಇಂಜಿನ್ ಅದರಲ್ಲಿ 85 ಶೇಕಡದಷ್ಟು ಉಸಿರೆಳೆದರೆ ಹೆಚ್ಚು, ಅಂದರೆ 516. ವ್ಯಾಕ್ಯೂಮ್ ಸೆಕೆಂಡರಿಯ 600 ಧಾರಾಳ. ಕಾರ್ಖಾನೆಯ ಕ್ವಾಡ್ರಾಜೆಟ್ ಕಾರ್ಬ್ಯುರೇಟರಿನ ಗಾಳಿಬಾಗಿಲು ಬೇಕಾದಷ್ಟೇ ತೆರೆದುಕೊಳ್ಳುವುದರಿಂದ ಅದಕ್ಕೆ ಈ ಲೆಕ್ಕ ಅನ್ವಯಿಸದು. ಕೆಲಸ ಮಾಡುತ್ತಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಟ್ರಾಫಿಕ್‌ನಲ್ಲಿ ಹೀಟ್ ಆಗುತ್ತೆ, ಹೈವೇಯಲ್ಲಿ ಏನೂ ಇಲ್ಲ. ರೇಡಿಯೇಟರ್ ಚೇಂಜ್ ಮಾಡ್ಬೇಕಾ?

ನಿಂತಾಗ ಮಾತ್ರ ಬಿಸಿಯಾದರೆ ಕೊರತೆ ಗಾಳಿಯದು: ಫ್ಯಾನಿನ ಸುತ್ತ ಶ್ರೌಡ್ (ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಸುವ ಕವಚ) ಇದೆಯೇ, ಫ್ಯಾನ್ ಕ್ಲಚ್ ಹಿಡಿಯುತ್ತಿದೆಯೇ ನೋಡಿ. ಓಡುವಾಗ ಮಾತ್ರ ಬಿಸಿಯಾದರೆ ಕೊರತೆ ನೀರಿನದು: ರೇಡಿಯೇಟರ್ ಕಟ್ಟಿರಬಹುದು, ಅಥವಾ ಕೆಳಗಿನ ಹೋಸ್ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತಿರಬಹುದು. ಥರ್ಮೋಸ್ಟಾಟ್ ಕಿತ್ತೆಸೆಯುವುದು ಪರಿಹಾರವಲ್ಲ.

## ಇಂಜಿನ್ ಬಿಚ್ಚಿದವರಿಗೆ

ಇಂಜಿನ್ ಹಿಂಭಾಗದಲ್ಲಿ ಎಣ್ಣೆ ಸೋರುತ್ತೆ. ರಿಯರ್ ಮೇನ್ ಸೀಲ್ ಹೋಗಿದೆ ಅಂದ್ರು. ಗೇರ್‌ಬಾಕ್ಸ್ ಇಳಿಸ್ಬೇಕಾ?

ರಿಯರ್ ಮೇನ್ ಸೀಲ್ ಎಂದರೆ ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ಎಣ್ಣೆ ತಡೆಯುವ ಸೀಲ್. ಮೊದಲು ಮೇಲಿನಿಂದ ಕೆಳಕ್ಕೆ ಹುಡುಕಿ. ವಾಲ್ವ್ ಕವರಿನ ಹಿಂಬದಿ, ಡಿಸ್ಟ್ರಿಬ್ಯೂಟರ್ ಬುಡ, ಆಯಿಲ್ ಪ್ರೆಷರ್ ಸೆಂಡರ್, ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದಿನ ಅಂಚು, ಇವುಗಳಿಂದ ಇಳಿದ ಎಣ್ಣೆಯೂ ಅದೇ ಜಾಗದಿಂದ ತೊಟ್ಟಿಕ್ಕುತ್ತದೆ. ಇನ್‌ಟೇಕ್ ಕೂರಿಸುವಾಗ ಹಿಂದೆ ಮುಂದೆ ಕೊಡುವ ಕಾರ್ಕ್ ಪಟ್ಟಿಗಳನ್ನು ಎಸೆದು, ಆ ಜಾಗಕ್ಕೆ ಕಿರುಬೆರಳ ದಪ್ಪ ಸಿಲಿಕೋನ್ ಎಳೆಯಿರಿ. ಕಾರ್ಕ್ ಹೊರಕ್ಕೆ ಜಾರಿಯೇ ಈ ಸೋರಿಕೆ ಹೆಚ್ಚು. ಸೀಲೇ ಹೋಗಿದ್ದರೂ ಗೇರ್‌ಬಾಕ್ಸ್ ಇಳಿಸುವುದು ಬೇಡ. 1985ರವರೆಗಿನದು ಎರಡು ತುಂಡಿನ ಸೀಲ್, ಆಯಿಲ್ ಪ್ಯಾನ್ ತೆಗೆದು ಕೆಳಗಿನಿಂದಲೇ ಬದಲಿಸಬಹುದು.

ವಾಲ್ವ್ ಅಡ್ಜಸ್ಟ್ ಮಾಡೋದು ಹೇಗೆ? ಯಾವುದನ್ನ ಯಾವಾಗ?

ಒಂದನೇ ಸಿಲಿಂಡರ್ ಕಂಪ್ರೆಷನ್ ಟಿಡಿಸಿಯಲ್ಲಿದ್ದಾಗ ಎಕ್ಸಾಸ್ಟ್ 1, 3, 4, 8 ಮತ್ತು ಇನ್‌ಟೇಕ್ 1, 2, 5, 7. ಒಂದು ಪೂರ್ತಿ ಸುತ್ತು ತಿರುಗಿಸಿ ಆರನೆಯದನ್ನು ಆ ಸ್ಥಿತಿಗೆ ತಂದು ಎಕ್ಸಾಸ್ಟ್ 2, 5, 6, 7 ಮತ್ತು ಇನ್‌ಟೇಕ್ 3, 4, 6, 8. ಪುಶ್‌ರಾಡನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸುತ್ತ ನಟ್ ಬಿಗಿಮಾಡಿ, ಆಟ ಹೋದ ಕ್ಷಣ ನಿಲ್ಲಿಸಿ. ಅಲ್ಲಿಂದ ಕಾರ್ಖಾನೆಯ ಲೆಕ್ಕ ಒಂದು ಸುತ್ತು. ಅರ್ಧದಿಂದ ಮುಕ್ಕಾಲು ಸುತ್ತು ಸಾಕಾಗುತ್ತದೆ. ಪುಶ್‌ರಾಡನ್ನು ಹೊರಳಿಸಿ ನೋಡಿ ಬಿಗಿ ಅಂದಾಜಿಸುವವರು ಮೋಸಹೋಗುವುದೇ ಹೆಚ್ಚು. ಎಣ್ಣೆ ತುಂಬದ ಹೊಸ ಲಿಫ್ಟರ್ ಆಗಲೇ ತಗ್ಗಿರುತ್ತದೆ.

ಹೊಸ ಕ್ಯಾಮ್ ಹಾಕಿದ್ದೀವಿ. ಮೊದಲ ಸ್ಟಾರ್ಟ್‌ನಲ್ಲೇ ಹೋಗುತ್ತೆ ಅಂತಾರಲ್ಲ?

ಹೋಗುತ್ತದೆ, ಐಡಲ್‌ನಲ್ಲಿ ಬಿಟ್ಟರೆ. ಕ್ಯಾಮಿಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚುವ ತುಂತುರಿನಿಂದ, ಐಡಲ್‌ನಲ್ಲಿ ಅದು ಸಾಲದು. ಲೋಬ್‌ಗಳಿಗೆ ಮಾಲಿ (ಮಾಲಿಬ್ಡಿನಂ) ಪೇಸ್ಟ್ ಹಚ್ಚಿ, ಎಣ್ಣೆ ಪ್ರೈಮ್ ಮಾಡಿ, ಕಾರ್ಬ್ಯುರೇಟರ್ ತುಂಬಿಸಿ, ಟೈಮಿಂಗ್ ಮೊದಲೇ ಕೂರಿಸಿಡಿ. ಸ್ಟಾರ್ಟ್ ಆದ ತಕ್ಷಣ 2,000ದಿಂದ 2,500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಮೇಲೆ ಕೆಳಗೆ ಮಾಡುತ್ತ 20 ನಿಮಿಷ ಇಡಿ. ಡಬಲ್ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ಈ ಇಪ್ಪತ್ತು ನಿಮಿಷದ ಮಟ್ಟಿಗೆ ತೆಗೆದಿಡಿ. ಹಳೇ ಲಿಫ್ಟರುಗಳನ್ನು ಹೊಸ ಕ್ಯಾಮ್ ಮೇಲೆ ಹಾಕಲೇಬೇಡಿ.

ಹೆಡ್ ಬೋಲ್ಟ್ ಸರಿಯಾಗಿ ಟಾರ್ಕ್ ಮಾಡಿದ್ರೂ ನೀರು ಜಿನುಗುತ್ತೆ?

ಆ ಬೋಲ್ಟುಗಳ ತೂತು ನೀರಿನ ಕೋಣೆಗೇ ತೆರೆದುಕೊಳ್ಳುತ್ತದೆ. ಪ್ರತಿ ಹೆಡ್‌ಗೆ 17 ಬೋಲ್ಟು. ಎಲ್ಲದರ ಥ್ರೆಡ್ಡಿಗೂ ಸೀಲೆಂಟ್ ಹಚ್ಚಿ, ನಡುವಿನಿಂದ ಹೊರಕ್ಕೆ, ಮೂರು ಸಲವಾಗಿ 65 ಫುಟ್-ಪೌಂಡಿಗೆ ತನ್ನಿ. ಇನ್‌ಟೇಕ್ ಬೋಲ್ಟಿಗೆ 30.

ಪಾಯಿಂಟ್ ತೆಗೆದು ಎಚ್‌ಇಐ ಹಾಕಿದೆ. ಸ್ಟಾರ್ಟ್ ಆಗುತ್ತೆ, ಆದ್ರೆ ರೇಸ್ ಮಾಡಿದ್ರೆ ಸಾಯುತ್ತೆ.

ಎಚ್‌ಇಐ ಎಂದರೆ ಪಾಯಿಂಟ್ ಇಲ್ಲದ, ಜಿಎಂನ ಎಲೆಕ್ಟ್ರಾನಿಕ್ ಇಗ್ನಿಷನ್. ನೀವು ಅದಕ್ಕೆ ಹಳೇ ತಂತಿಯಿಂದಲೇ ಕರೆಂಟ್ ಕೊಟ್ಟಿದ್ದೀರಿ. ಪಾಯಿಂಟ್ ಸುಡಬಾರದೆಂದು ಕಾಯಿಲ್‌ಗೆ ಹೋಗುವ ದಾರಿಯಲ್ಲಿ ಕಾರ್ಖಾನೆಯವರು ರೆಸಿಸ್ಟೆನ್ಸ್ ವೈರ್ ಇಟ್ಟಿದ್ದಾರೆ, ಓಡುವಾಗ ಅಲ್ಲಿ 9 ವೋಲ್ಟ್ ಆಸುಪಾಸು ಸಿಗುತ್ತದೆ. ಎಚ್‌ಇಐಗೆ ಪೂರ್ತಿ 12 ಬೇಕು. ಇಗ್ನಿಷನ್ ಸ್ವಿಚ್ಚಿನಿಂದ 12 ಗೇಜ್‌ನ ಸಾದಾ ತಂತಿ ಎಳೆಯಿರಿ, ಪ್ಲಗ್ ಗ್ಯಾಪ್ 0.035 ಇಂಚಿನಿಂದ 0.045ಕ್ಕೆ ಏರಿಸಿ. ಪಾಯಿಂಟ್ ಇರುವ ಕಾರಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ: ಕೀ ತಿರುಗಿಸಿ ಹಿಡಿದಷ್ಟು ಹೊತ್ತು ಇಂಜಿನ್ ಉರಿದು, ಕೀ ಬಿಟ್ಟೊಡನೆ ನಿಂತರೆ ಆ ರೆಸಿಸ್ಟೆನ್ಸ್ ವೈರೇ ತುಂಡಾಗಿರುವ ಸಾಧ್ಯತೆ ಹೆಚ್ಚು. ಸ್ಟಾರ್ಟ್ ಮಾಡುವಾಗ ಕಾಯಿಲ್‌ಗೆ ಸ್ಟಾರ್ಟರ್ ಕಡೆಯಿಂದ ಬೇರೆ ದಾರಿಯಲ್ಲಿ ಕರೆಂಟ್ ಬರುತ್ತಿರುತ್ತದೆ.

ತಿರುವಿನಲ್ಲಿ ಹಿಂದಿನಿಂದ ಕಟಕಟ ಶಬ್ದ. ಡಿಫರೆನ್ಷಿಯಲ್ ಹೋಯ್ತಾ?

ಪಾಸಿಟ್ರ್ಯಾಕ್ಷನ್, ಅಂದರೆ ಶೆವರ್ಲೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಇದ್ದರೆ ಗಾಬರಿ ಬೇಡ. ಅದರೊಳಗಿನ ಕ್ಲಚ್ ತಟ್ಟೆಗಳು ಜಾರುವ ಬದಲು ಹಿಡಿದು ಬಿಡುತ್ತಿವೆ, ಯಾರೋ ಸಾದಾ ಗೇರ್ ಆಯಿಲ್ ತುಂಬಿದ್ದಾರೆ. ಕವರ್ ಬಿಚ್ಚಿ ಬಸಿದು, 80ಡಬ್ಲ್ಯೂ-90 ಜಿಎಲ್-5 ಎಣ್ಣೆಯ ಜೊತೆ 4 ಔನ್ಸ್ ಲಿಮಿಟೆಡ್ ಸ್ಲಿಪ್ ಅಡಿಟಿವ್ ಹಾಕಿ, ತುಂಬುವ ತೂತಿನ ಕೆಳ ಅಂಚಿನವರೆಗೆ ತನ್ನಿ. ಆಮೇಲೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಹತ್ತು ಹನ್ನೆರಡು ಸುತ್ತು ಹೊಡೆಯಿರಿ, ತಟ್ಟೆಗಳ ನಡುವೆ ಹೊಸ ಎಣ್ಣೆ ಸೇರಲಿ. ಅದಾದ ಮೇಲೂ ಶಬ್ದ ಉಳಿದರೆ ತಟ್ಟೆಗಳನ್ನೇ ಬದಲಿಸಬೇಕು.